ಹೂಗಾರ ಎಂಬ ಹೆಸರು ತೊಟ್ಟಿಲಿಗೇಕೆ ಬಾರದು?

ಹಾರ್ಪ್ ನುಡಿಸುವವನ ಕಸುಬಿನಿಂದ ಬಂದ ಹಾರ್ಪರ್, ಸ್ಕಾಟ್ಲೆಂಡಿನಲ್ಲೂ ಇಂಗ್ಲೆಂಡಿನಲ್ಲೂ ಹಳೆಯ ಅಡ್ಡಹೆಸರು. ಈಗ ಅದು ಹುಡುಗಿಯರ ಹೆಸರು. 1960ರಲ್ಲಿ ಬಂದ ಒಂದೇ ಕಾದಂಬರಿಯಿಂದ ಜಗತ್ತಿಗೆ ಪರಿಚಯವಾದ ಹಾರ್ಪರ್ ಲೀ ಅದಕ್ಕೆ ಸಾಹಿತ್ಯದ ಮೆರುಗನ್ನೂ ಕೊಟ್ಟರು. ಸ್ಕಾಟರ ಬ್ಯಾಕ್ಸ್‌ಟರ್ ಕಥೆ ಇನ್ನೂ ಸ್ವಾರಸ್ಯದ್ದು: ರೊಟ್ಟಿ ಸುಡುವ ಹೆಂಗಸಿಗೆಂದು ಹುಟ್ಟಿದ ಪದ ಗಂಡಸರ ಮನೆತನಗಳ ಪಾಲಾಯಿತು. ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆ ಇಂಥ ಅಡ್ಡಹೆಸರುಗಳಿಗೆ ಬರವಿಲ್ಲ. ಕುಂಬಾರ, ಬಡಿಗೇರ, ಪತ್ತಾರ, ಗಾಣಿಗೇರ, ಹೂಗಾರ. ಕಿವಿಗೆ ಹಾರ್ಪರ್‌ಗಿಂತ ಹೂಗಾರವೇ ಇಂಪು. ಆದರೂ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಉಸುರುವ ಹೆಸರು ಅದಲ್ಲ. ಹಾರ್ಪರ್ ಎಂಬ ಹುಡುಗಿಯ ಅಜ್ಜ ಯಾವ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮರೆತ ಕಸುಬಷ್ಟೇ ಅಲಂಕಾರವಾಗುತ್ತದೆ. ನಮ್ಮಲ್ಲಿ ಕುಲುಮೆ ಆರಿ ಎರಡು ತಲೆಮಾರು ಕಳೆದರೂ ಅಡ್ಡಹೆಸರು ಜಾತಿಯನ್ನು ಹೇಳುತ್ತಲೇ ಇರುತ್ತದೆ.

ಹಾಗಾದರೆ ಪಾಟೀಲ, ಕುಲಕರ್ಣಿ? ಅವೂ ಕೆಲಸದ ಹೆಸರುಗಳೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದು ಮಾಡಿತು. ಹುದ್ದೆ ಹೋಯಿತು, ಗತ್ತು ಉಳಿಯಿತು. ಲೆಕ್ಕ ಬರೆದವರ ಹೆಸರಿಗೆ ಸಿಕ್ಕ ಮರ್ಯಾದೆ ಕಬ್ಬಿಣ ಬಡಿದವರ ಹೆಸರಿಗೆ ಸಿಗಲಿಲ್ಲವೆಂದರೆ ದೋಷ ಹೆಸರಿನದಲ್ಲ. ಪಕ್ಕದ ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಕಸುಬಿನ ಹೆಸರನ್ನು ಜ್ಞಾನಪೀಠದವರೆಗೆ ಒಯ್ದದ್ದು ದೊಡ್ಡ ಮಾತೇ. ಆದರೆ ಒಬ್ಬರ ಪ್ರತಿಭೆ ಬೆಳಗಿಸಿದ ಹೆಸರಿನಿಂದ ಊರಿನ ರೂಢಿ ಬದಲಾಗಲಿಲ್ಲ.

ನನ್ನ ತಕರಾರು ಇನ್ನೊಂದಿದೆ. ಈ ಅಡ್ಡಹೆಸರುಗಳಲ್ಲಿ ದುಡಿಮೆಯೆಂದರೆ ಗಂಡಸಿನ ದುಡಿಮೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಾಗಿರಲಿಲ್ಲ. ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ: ಇವರ ಹೆಸರಿನ ಮುಂದಿರುವುದು ತಂದೆಯ ಕಸುಬಲ್ಲ, ಗಂಡನದೂ ಅಲ್ಲ, ಅವರದೇ ಕೈಯ ಕೆಲಸ. ಬ್ಯಾಕ್ಸ್‌ಟರ್ ಕಳೆದುಕೊಂಡದ್ದು ಇವರಲ್ಲಿ ಉಳಿದಿದೆ. ಮಗಳಿಗೆ ಅಡ್ಡಹೆಸರನ್ನೇ ಇಡಿ ಎಂದು ನಾನು ವಾದಿಸುತ್ತಿಲ್ಲ. ಜಾತಿ ಕೇಳುವ ಊರಿನಲ್ಲಿ ಅದನ್ನು ಬಿಟ್ಟವರ ಜಾಣತನ ಅರ್ಥವಾಗುವಂಥದ್ದೇ. ಆದರೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ, ಅಥಣಿಯಲ್ಲಿ ಚಪ್ಪಲಿಯ ಜಡೆ ಹೆಣೆಯುವ ಹೆಂಗಸಿನ ಕಸುಬು ಅವಳ ಮಕ್ಕಳ ಹೆಸರಿಗೆ ಬರುವುದಿಲ್ಲ. ಬರುವುದು ಗಂಡನ ಮುತ್ತಜ್ಜ ಎಂದೋ ಬಿಟ್ಟ ಕೆಲಸದ ಹೆಸರು.