ನಾದದೇಹ ಮತ್ತು ರೋಗದೇಹ: ಸಂಗೀತರತ್ನಾಕರದ ಒಂದು ಮರುಓದು
ರಾಗಚಿಕಿತ್ಸೆಯನ್ನು ಕುರಿತ ಬರಹಗಳು ಶಾಸ್ತ್ರಾಧಾರಕ್ಕಾಗಿ 13ನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ ಮೊರೆ ಹೋಗುವುದುಂಟು. ಅದಕ್ಕೆ ಕಾರಣವೂ ಇದೆ. ವೈದ್ಯಕವನ್ನೂ ಬಲ್ಲ ಈ ಲಕ್ಷಣಕಾರನು ಸ್ವರವಿಚಾರಕ್ಕೆ ಮುನ್ನ ಪಿಂಡೋತ್ಪತ್ತಿಯನ್ನು, ಎಂದರೆ ಗರ್ಭದಲ್ಲಿ ದೇಹ ರೂಪುಗೊಳ್ಳುವ ಬಗೆಯನ್ನು, ಸವಿಸ್ತಾರವಾಗಿ ನಿರೂಪಿಸುತ್ತಾನೆ. ಪ್ರಾಣಾಗ್ನಿಗಳ ಸಂಯೋಗದಿಂದ ಹುಟ್ಟಿದ ನಾದವು ಹೃದಯದಲ್ಲಿ ಮಂದ್ರ, ಕಂಠದಲ್ಲಿ ಮಧ್ಯ, ಶಿರಸ್ಸಿನಲ್ಲಿ ತಾರವೆನಿಸುತ್ತದೆ; 22 ಶ್ರುತಿಗಳಿಗೆ 22 ನಾಡಿಗಳು. ಆದರೆ ಇಲ್ಲಿ ದೇಹವು ನಾದದ ಉತ್ಪತ್ತಿಸ್ಥಾನವೇ ಹೊರತು ಚಿಕಿತ್ಸೆಗೊಳಗಾಗುವ ರೋಗಿಯ ದೇಹವಲ್ಲ. ಗಾಂಧಾರ-ನಿಷಾದಗಳಿಗೆ ಕರುಣರಸವನ್ನು ವಿಧಿಸುವಾಗಲೂ ಅವನ ಲಕ್ಷ್ಯ ಭಾವದ ಮೇಲೆ, ವ್ಯಾಧಿಯ ಮೇಲಲ್ಲ. ರೋಗಕ್ಕೊಂದು ರಾಗವೆಂದು ಪಟ್ಟಿ ಮಾಡುವವರು ಈ ಭೇದವನ್ನು ಮರೆತಂತಿದೆ. ಸಂಗೀತವು ಶಸ್ತ್ರಚಿಕಿತ್ಸೆಯ ನೋವು, ಆತಂಕಗಳನ್ನು ತಗ್ಗಿಸುವುದೆಂಬುದನ್ನು 2015ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ 73 ಪ್ರಯೋಗಗಳ ಸಮೀಕ್ಷೆ ದೃಢಪಡಿಸಿದೆ. ಕೇಳಿಸಿದ ಸಂಗೀತ ಯಾವುದೆಂಬುದರಿಂದ ಫಲದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಅದರಲ್ಲಿ ಕಂಡುಬರಲಿಲ್ಲ.