ನೆನಪಿನ ಬಂಡವಾಳ

ಕೇಳಿದ ಕಥೆಯನ್ನೇ ಮತ್ತೆ ಹೇಳುವುದು ದೋಷವಲ್ಲ. ವಾದಿರಾಜನ ಸಂಸ್ಕೃತ ಕಾವ್ಯದಲ್ಲಿದ್ದ ಯಶೋಧರನ ಕಥೆಯನ್ನೇ ಜನ್ನನು 1209ರಲ್ಲಿ ಕನ್ನಡದಲ್ಲಿ ರಚಿಸಿದನು. ಮಾರಿಗುಡಿಯ ಭೀಕರತೆ ಅಲ್ಲಿದ್ದರೂ ಓದುಗನನ್ನು ನಿಜವಾಗಿ ನಡುಗಿಸುವುದು ಹಿಟ್ಟಿನ ಕೋಳಿಯ ಬಲಿ. ಸಂಕಲ್ಪವೇ ಹಿಂಸೆಯೆಂಬ ಅರಿವು. ಭಯಾನಕ ರಸವು ಹೀಗೆ ಅಂತರಂಗವನ್ನು ಮುಟ್ಟಿದಾಗಲೇ ಸಾರ್ಥಕ. ಶಿವಮೊಗ್ಗ, ಭದ್ರಾವತಿಗಳಲ್ಲಿ ಮನೆಮಂದಿಯೆಲ್ಲ ಕುಳಿತು ನೋಡುವ ಸರಣಿ ಚಲನಚಿತ್ರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು.

2004ರ ‘ಆಪ್ತಮಿತ್ರ’ವು 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನ ಪುನರ್ನಿರ್ಮಾಣ, ವಸ್ತು ಎರವಲಿನದು. ಆದರೂ ದೆವ್ವವೆಂದು ಬೆದರಿದ್ದು ಗಂಗಾ ಎಂಬ ಗೃಹಿಣಿಯ ಮನೋವ್ಯಾಧಿಯೆಂದು ತಿಳಿದಾಗ ಭಯವು ಕರುಣೆಯಾಗುತ್ತದೆ. ಅದರ ಮುಂದುವರಿಕೆಯಾದ ‘ಆಪ್ತರಕ್ಷಕ’ವು ಅದೇ ನಾಗವಲ್ಲಿಯನ್ನು ಮರಳಿ ಕರೆತಂದು, ಕೇಡು ತರುವ ಚಿತ್ರಪಟ, ಮಹಾಸರ್ಪ, ನೂರು ವರ್ಷ ದಾಟಿಯೂ ಬದುಕಿರುವ ರಾಜ ಇವುಗಳನ್ನು ಕೂಡಿಸಿತು. ಬೆರಗು ಹೆಚ್ಚಿತು, ಮನಸ್ಸಿನ ಪ್ರಶ್ನೆ ಹಿಂದೆ ಸರಿಯಿತು. ವಿಷ್ಣುವರ್ಧನರು 2009ರ ಡಿಸೆಂಬರ್ 30ರಂದು ನಿಧನರಾದ ಬಳಿಕ, 2010ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಜನರು ತೋರಿದ ಪ್ರೀತಿ ನಿಜವಾದದ್ದು. ಆದರೆ ಕಲಾವಿದನಿಗೆ ಸಂದ ಪ್ರೀತಿಯನ್ನು ಕಥೆಯ ಖಾತೆಗೆ ಜಮಾ ಮಾಡಲಾಗದು.

ಹಾಲಿವುಡ್ಡಿನ ವಿಜ್ಞಾನಕಥೆಗಳಲ್ಲಿಯೂ ಇದೇ ಸಮಸ್ಯೆ. 1979ರ ‘ಏಲಿಯನ್’ ಚಿತ್ರದಲ್ಲಿ ಅನ್ಯಲೋಕದ ಜಂತುವಿಗಿಂತ ಭಯಂಕರವಾದುದು, ನೌಕೆಯ ಕೆಲಸಗಾರರ ಪ್ರಾಣಕ್ಕಿಂತ ಆ ಜಂತುವೇ ಬೆಲೆಯುಳ್ಳದ್ದೆಂದು ಎಣಿಸಿದ ಕಂಪನಿಯ ಲೋಭ. 2024ರಲ್ಲಿ ಬಂದ ‘ಏಲಿಯನ್: ರೊಮ್ಯುಲಸ್’, ಮೊದಲ ಚಿತ್ರದಲ್ಲಿ ನಟಿಸಿ 2020ರಲ್ಲಿ ತೀರಿಕೊಂಡ ಇಯಾನ್ ಹೋಮ್ ಅವರ ಮುಖವನ್ನು ತಂತ್ರಜ್ಞಾನದಿಂದ ಮತ್ತೆ ತೋರಿಸಿತು. ಕುಟುಂಬದ ಒಪ್ಪಿಗೆಯಿದ್ದುದರಿಂದ ಅದನ್ನು ಅಪಹರಣವೆನ್ನಲಾಗದು. ಆದರೆ ಗತಿಸಿದವರ ಮುಖವೇ ಕೈಗೆ ಸಿಗುವಾಗ ಹೊಸ ಪಾತ್ರವನ್ನು ಕಲ್ಪಿಸುವ ಶ್ರಮವನ್ನು ಯಾರು ವಹಿಸುವರು?

ಈ ಭೇದವು 1923ರಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಗೆ ಹೊಸದಲ್ಲ. ಹಳೆಯ ಕಬ್ಬಿಣವನ್ನು ಕರಗಿಸಿ ಹೊಸ ಅಚ್ಚಿಗೆ ಎರೆಯುವುದು ಬೇರೆ. ತುಕ್ಕಿನ ಮೇಲೆ ಬಣ್ಣ ಬಳಿದು ಮಾರುವುದು ಬೇರೆ. ಜನ್ನನು ಮಾಡಿದ್ದು ಮೊದಲನೆಯದು. ಸರಣಿ ಚಿತ್ರಗಳು ಬಹುಮಟ್ಟಿಗೆ ಮಾಡುತ್ತಿರುವುದು ಎರಡನೆಯದು. ಚಿತ್ರಮಂದಿರದಿಂದ ಹೊರಬಂದ ಮಕ್ಕಳನ್ನು ‘ಹಳೆಯ ಚಿತ್ರ ನೆನಪಾಯಿತೇ?’ ಎಂದಲ್ಲ, ‘ಹೊಸದಾಗಿ ಏನು ತಿಳಿಯಿತು?’ ಎಂದು ಹಿರಿಯರು ಕೇಳುವುದು ಲೇಸು. ನೆನಪೂ ಒಂದು ಬಂಡವಾಳವೇ; ಕುಳಿತು ಉಂಡರೆ ಕುಡಿಕೆ ಹೊನ್ನೂ ಸಾಲದು.