ಹಾಗಲವಾಡಿಯ ಬಸ್ಸಿಗೆ ಯಾವ ಲ್ಯಾಪ್‌ಟಾಪ್?

ಅಂಗಡಿಗಳಲ್ಲಿ ‘ಗೇಮಿಂಗ್ ಲ್ಯಾಪ್‌ಟಾಪ್’ ಎಂದು ಮಾರುವ ಯಂತ್ರಗಳಲ್ಲಿ ಹೆಚ್ಚಿನವು ಮೇಜಿನ ಮೇಲೆ, ಪ್ಲಗ್ಗಿನ ಪಕ್ಕದಲ್ಲಿ ಕೂರಬೇಕಾದವು. ಹಾಗಲವಾಡಿಯಲ್ಲಿ ಬಸ್ಸು ಹತ್ತಿ, ಚೇಳೂರು, ಗುಬ್ಬಿ ದಾಟಿ ತುಮಕೂರಿನ ಕಾಲೇಜಿಗೆ ದಿನಾ ಓಡಾಡುವ ಮಕ್ಕಳಿಗೂ ನಾವು ಅವನ್ನೇ ಕೊಡಿಸುತ್ತಿದ್ದೇವೆ. ತೆಂಗು, ಅಡಿಕೆಯ ದುಡ್ಡಿನಲ್ಲೋ ತಿಂಗಳ ಕಂತಿನಲ್ಲೋ ಬರುವ ಅರವತ್ತು ಎಪ್ಪತ್ತು ಸಾವಿರದ ವಸ್ತು ಅದು. ಅಷ್ಟು ದುಡ್ಡು ಹಾಕುವಾಗ ಮನೆಯವರು ನೋಡುವುದು ಮುಚ್ಚಳದ ಒಳಗೆ ಅಂಟಿಸಿದ ಸ್ಟಿಕ್ಕರನ್ನು. ನೋಡಬೇಕಾದದ್ದು ಎರಡು: ಎಷ್ಟು ಕಿಲೋ, ಎಷ್ಟು ವ್ಯಾಟು.

ಮೊದಲು ಕಿಲೋ. 15.6 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಎರಡೂಕಾಲು ಕಿಲೋ ಆಸುಪಾಸು ತೂಗುತ್ತದೆ. ಇಟ್ಟಿಗೆಯಂಥ ಚಾರ್ಜರ್ ಸೇರಿದರೆ ಮೂರು ಕಿಲೋ ಹತ್ತಿರ. 2019ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಶಾಲಾ ಚೀಲದ ತೂಕಕ್ಕೆ ಮಿತಿ ಹಾಕಿತು. ಒಂಬತ್ತು, ಹತ್ತನೇ ತರಗತಿಗೆ ಪುಸ್ತಕವೆಲ್ಲ ಸೇರಿ 4ರಿಂದ 5 ಕಿಲೋ. ಮಾರನೇ ವರ್ಷ ಪಿಯುಸಿಗೆ ಸೇರಿದ ಅದೇ ಮಗುವಿನ ಚೀಲದಲ್ಲಿ ಬರೀ ಲ್ಯಾಪ್‌ಟಾಪ್, ಚಾರ್ಜರೇ ಮೂರು ಕಿಲೋ ಇರಬೇಕೆ? ಸೀಟು ಸಿಗದ ಬೆಳಗಿನ ಬಸ್ಸಿನಲ್ಲಿ ನಿಂತು ಬರುವವರಿಗೆ ಈ ಲೆಕ್ಕ ಹೆಗಲಿಗೇ ಗೊತ್ತಾಗುತ್ತದೆ. 14 ಇಂಚಿನ, ಒಂದೂವರೆ ಕಿಲೋ ಮೀರದ ಯಂತ್ರ ಇಲ್ಲಿನ ಅಗತ್ಯ.

ಇನ್ನು ವ್ಯಾಟು. ಗಾಬರಿ ಹುಟ್ಟಿಸುವ ವಂಚನೆ ಇರುವುದು ಇಲ್ಲಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 4050 ಎಂಬ ಗ್ರಾಫಿಕ್ಸ್ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಯಾವ ಮಟ್ಟದಲ್ಲಿ ಬೇಕಾದರೂ ಓಡಿಸಬಹುದು. ಎರಡಕ್ಕೂ ಹೆಸರು ಒಂದೇ, ಸ್ಟಿಕ್ಕರೂ ಒಂದೇ. ಆಟದಲ್ಲಿ ಮಾತ್ರ ಅಜಗಜಾಂತರ. ಹಿಂದೆ ಕಡಿಮೆ ವ್ಯಾಟಿನದಕ್ಕೆ ‘ಮ್ಯಾಕ್ಸ್-ಕ್ಯೂ’ ಎಂಬ ಬಾಲವಾದರೂ ಇರುತ್ತಿತ್ತು. 2021ರಲ್ಲಿ ಬಂದ 3000 ಸರಣಿಯಿಂದ ಚಿಪ್ಪಿನ ಹೆಸರಿನಲ್ಲಿ ಅದೂ ಇಲ್ಲ. ತೆಳ್ಳಗೆ, ಹಗುರವಾಗಿ ಕಾಣುವ ಲ್ಯಾಪ್‌ಟಾಪಿನಲ್ಲಿ ಆರ್‌ಟಿಎಕ್ಸ್ ಇದೆ ಎಂದು ಹಿಗ್ಗುವ ಮೊದಲು, ಅದಕ್ಕೆ ಎಷ್ಟು ವ್ಯಾಟು ಕೊಟ್ಟಿದ್ದಾರೆಂದು ಕಂಪನಿಯ ವಿವರಪಟ್ಟಿಯಲ್ಲಿ ಹುಡುಕಬೇಕು. ಅಂಗಡಿಯವರನ್ನು ಕೇಳಿದರೆ ಉತ್ತರ ಸಿಗುವುದು ಅಪರೂಪ.

ಪ್ರೊಸೆಸರಿನ ಕಥೆ ಇದಕ್ಕಿಂತ ಬೇಸರದ್ದು. ಎಎಂಡಿಯ ರೈಜೆನ್ 5 7520ಯು ಮತ್ತು ರೈಜೆನ್ 7 7840ಯು ಎರಡೂ 7000 ಸರಣಿಯವೇ. ಆದರೆ ಈ ಸರಣಿಯಲ್ಲಿ ಮೂರನೇ ಅಂಕಿಯನ್ನು ಓದಬೇಕು: 2 ಇದ್ದರೆ ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ, 4 ಇದ್ದರೆ ಜೆನ್ 4. ಮೊದಲನೆಯದರ ಗ್ರಾಫಿಕ್ಸ್ ಭಾಗದಲ್ಲಿ ಎರಡು ಘಟಕಗಳು, ಎರಡನೆಯದರಲ್ಲಿ ಹನ್ನೆರಡು. ಹಳೆಯ ಸರಕಿಗೆ ಹೊಸ ಸಂಖ್ಯೆ ಕೊಟ್ಟು, ಅರ್ಥ ಗೊತ್ತಿದ್ದವರಿಗೆ ಮಾತ್ರ ಕಾಣುವಂತೆ ಇಡುವುದನ್ನು ನಾನು ಪ್ರಾಮಾಣಿಕ ವ್ಯಾಪಾರ ಎನ್ನಲಾರೆ. ಮಗ ಅಥವಾ ಮಗಳ ಓದಿಗೆಂದು ದುಡ್ಡು ಹೊಂದಿಸಿಕೊಂಡು ಬಂದ ರೈತನಿಗೆ ಈ ಮೂರನೇ ಅಂಕಿಯ ಗುಟ್ಟು ಯಾರು ಹೇಳಬೇಕು?

‘ಓದೋಕೆ ತಾನೇ, ಗೇಮ್ ಯಾಕೆ?’ ಎಂದು ಹಲವು ಅಪ್ಪಂದಿರು ಅಲ್ಲೇ ಮಾತು ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆಡುವ ಆಸೆ ತಪ್ಪಲ್ಲ. ಗೇಮ್ ಓಡಿಸಬಲ್ಲ ಯಂತ್ರ ವಿಡಿಯೊ ಎಡಿಟಿಂಗನ್ನೂ ಎಂಜಿನಿಯರಿಂಗ್ ಡ್ರಾಯಿಂಗನ್ನೂ ಸಲೀಸಾಗಿ ಎಳೆಯುತ್ತದೆ. ಆದರೆ ಏನು ಆಡುತ್ತಾರೆ ಎಂಬುದನ್ನು ಕೇಳಲೇಬೇಕು. ಬಿಜಿಎಂಐ ಮೊಬೈಲಿನ ಆಟ, ಅದಕ್ಕೆ ಲ್ಯಾಪ್‌ಟಾಪೇ ಬೇಡ. 2020ರಲ್ಲಿ ಬಂದ ವ್ಯಾಲರಂಟ್ ಕನಿಷ್ಠ ಕೇಳುವುದು ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸನ್ನು, ಅಂದರೆ 2012ರ ಕಾಲದ್ದು. ಜಿಟಿಎ 5 ಕಂಪ್ಯೂಟರಿಗೆ ಬಂದದ್ದು 2015ರಲ್ಲಿ. ಇವೆರಡೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, 7840ಯು ಒಳಗೇ ಇರುವ ರೇಡಿಯಾನ್ 780ಎಂನಲ್ಲಿ ಚೆನ್ನಾಗಿಯೇ ಓಡುತ್ತವೆ. ಸೈಬರ್‌ಪಂಕ್ 2077ರಂಥ ಭಾರೀ ಆಟ ಮಾತ್ರ ತೆವಳುತ್ತದೆ; ಚಿತ್ರದ ಗುಣಮಟ್ಟ ಇಳಿಸಿಯೇ ಆಡಬೇಕು. ಹೆಗಲ ಮೇಲಿನ ಭಾರ ಅರ್ಧವಾಗುವುದಾದರೆ ನನ್ನ ಮಟ್ಟಿಗೆ ಅದು ಒಳ್ಳೆಯ ವಿನಿಮಯ.

ಕರೆಂಟಿನ ವಿಷಯವನ್ನು ನಗರದವರು ಬರೆಯುವ ಸಲಹೆಗಳು ಹೆಚ್ಚಾಗಿ ಮರೆಯುತ್ತವೆ. ಬೇಸಿಗೆಯಲ್ಲಿ ಬೆಸ್ಕಾಂ ಲೈನು ಹೋಗಿ ಬಂದು ಮಾಡುವ ಊರಿನಲ್ಲಿ ಬ್ಯಾಟರಿಯೇ ಆಧಾರ. 50 ವ್ಯಾಟ್-ಅವರ್ ಬ್ಯಾಟರಿಯ ಮೇಲೆ ನೂರು ವ್ಯಾಟು ಎಳೆಯುವ ಆಟ ಆಡಿದರೆ ಅರ್ಧ ಗಂಟೆಗೆ ಖಾಲಿ. ಅಷ್ಟು ಹೊತ್ತೂ ಪೂರ್ತಿ ವೇಗ ಸಿಗುವುದಿಲ್ಲ, ಪ್ಲಗ್ ತೆಗೆದ ಕೂಡಲೇ ಇಂಥ ಯಂತ್ರ ತನ್ನ ಓಟವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮನೆಯ ಯುಪಿಎಸ್ ಮೇಲೆ 200 ವ್ಯಾಟಿನ ಚಾರ್ಜರ್ ಹಾಕಿದರೆ ಫ್ಯಾನು, ದೀಪದ ಪಾಲನ್ನೂ ಅದೇ ನುಂಗುತ್ತದೆ. 65 ವ್ಯಾಟಿನ ಟೈಪ್-ಸಿ ಚಾರ್ಜರಿನಲ್ಲಿ ತುಂಬುವ, 60 ವ್ಯಾಟ್-ಅವರ್ ಅಥವಾ ಅದಕ್ಕಿಂತ ದೊಡ್ಡ ಬ್ಯಾಟರಿಯ ಯಂತ್ರ ಈ ಊರಿಗೆ ಒಗ್ಗುತ್ತದೆ. ಅದೇ ಚಾರ್ಜರಿನಿಂದ ಫೋನೂ ತುಂಬಿಸಿಕೊಳ್ಳಬಹುದು.

ತೀರಾ ಹಗುರ, ತೀರಾ ಅಗ್ಗದ ಕಡೆಗೆ ವಾಲುವುದೂ ಸರಿಯಲ್ಲ. 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೊಬುಕ್ 990 ಗ್ರಾಂ ತೂಕದ್ದು, ಬಸ್ಸಿಗೆ ಹೇಳಿ ಮಾಡಿಸಿದಂತಿತ್ತು. ಆದರೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಮೇಲಾಗಿ ವಿಂಡೋಸ್ ಇಲ್ಲ. ಪಾಠ ನೋಡಲು ಸಾಕು, ಪದವಿಯ ಕೆಲಸಕ್ಕೂ ಆಟಕ್ಕೂ ಸಾಲದು. ಮ್ಯಾಕ್‌ಬುಕ್ ಏರ್ ಓದಿಗೆ ಚೆಂದ, ಬ್ಯಾಟರಿ ಅದ್ಭುತ, ವ್ಯಾಲರಂಟ್ ಓಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ತರುವವರಿಗೆ ಒಂದೇ ಮಾತು: ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯದಾದರೆ ಬೇಡ. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹೊಂದುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ.

ತುಮಕೂರಿನಲ್ಲೇ ಹಾಸ್ಟೆಲ್ಲಿನಲ್ಲಿ ಉಳಿಯುವವರ ಲೆಕ್ಕ ಬೇರೆ. ಯಂತ್ರ ಮೇಜಿನ ಮೇಲೇ ಇರುವುದಾದರೆ, ತ್ರೀಡಿ ಡಿಸೈನ್ ಕಲಿಯುವುದಾದರೆ, ಭಾರದ ಗೇಮಿಂಗ್ ಲ್ಯಾಪ್‌ಟಾಪೇ ಸರಿ. ಆಗಲೂ ವ್ಯಾಟು ವಿಚಾರಿಸಿಯೇ ಕೊಳ್ಳಬೇಕು. ದಿನಾ ಊರಿಗೆ ಮರಳುವವರು 16 ಜಿಬಿ ರ‍್ಯಾಮಿಗೆ ಪಟ್ಟು ಹಿಡಿಯಲಿ, ಅದೂ ಎರಡು ಚಾನೆಲ್ಲಿನಲ್ಲಿ. ಒಳಗಿನ ಗ್ರಾಫಿಕ್ಸ್ ತನ್ನ ನೆನಪಿಗೆ ಈ ರ‍್ಯಾಮನ್ನೇ ಬಳಸುವುದರಿಂದ, ಒಂದೇ ಚಾನೆಲ್ ಇದ್ದರೆ 780ಎಂನಂಥ ಚಿಪ್ಪೂ ಕುಂಟುತ್ತದೆ. ಹಗುರದ ಯಂತ್ರಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದು ಹೆಚ್ಚು, ಆಮೇಲೆ ಹಾಕಿಸಿದರಾಯಿತು ಎಂಬ ಮಾತು ನಡೆಯುವುದಿಲ್ಲ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆಸಿ ರ‍್ಯಾಮ್ ಎಷ್ಟಿದೆ ನೋಡಿ, ಆಮೇಲೆ ಚಾರ್ಜರ್ ಕೀಳಿಸಿ ಬ್ಯಾಟರಿ ಮೇಲೆ ಹತ್ತು ನಿಮಿಷ ಒಂದು ಆಟ ಓಡಿಸಿ ತೋರಿಸಿ ಎಂದು ಕೇಳಿ.